ಯಾವ ಬೋಲ್ಟು?

ಹೊಸ ಸ್ಪ್ಯಾನರ್ ಕೈಗೆ ಬಂದರೆ ನಮ್ಮ ಬೀದಿಯ ಮೆಕ್ಯಾನಿಕ್‌ಗಳು ಮೊದಲು ಅದನ್ನು ಮೂಸುತ್ತಾರೆ. ಹೊರಗಿನವರಿಗೆ ವಿಚಿತ್ರ ಎನ್ನಿಸಬಹುದು. ತುಕ್ಕು ಹಿಡಿಯದಿರಲೆಂದು ಕಾರ್ಖಾನೆಯಲ್ಲಿ ಸವರಿದ ತೆಳು ಎಣ್ಣೆಗೆ ಒಂದು ವಾಸನೆ ಇರುತ್ತದೆ. ಆ ವಾಸನೆ ಇದ್ದರೆ ಮಾಲು ಪೆಟ್ಟಿಗೆಯಿಂದ ನೇರವಾಗಿ ಬಂದಿದೆ ಎಂದು ಅರ್ಥ. ಸೀಮೆಎಣ್ಣೆ ನಾತ ಹೊಡೆದರೆ ಯಾರೋ ಹಳೆಯದನ್ನು ತೊಳೆದು ಹೊಸದೆಂದು ಮಾರಿದ್ದಾರೆ. ಮೂಸಿದ ಮೇಲೆ ಅಂಗೈಯಲ್ಲಿಟ್ಟು ತೂಗುತ್ತಾರೆ. ಆಮೇಲೆ ಸ್ಪ್ಯಾನರ್ ಬಾಯಿಯ ಒಳಮೈಗೆ ಹೆಬ್ಬೆರಳಿನ ಉಗುರನ್ನು ಒತ್ತಿ ಎಳೆಯುತ್ತಾರೆ. ಉಗುರು ಎಲ್ಲಾದರೂ ತಡೆದು ನಿಂತರೆ ಮುಖದಲ್ಲಿ ಸಣ್ಣ ಸುಕ್ಕು ಕಾಣಿಸಿಕೊಳ್ಳುತ್ತದೆ. ಕೊನೆಗೆ ಇನ್ನೊಂದು ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ, ದೇವಸ್ಥಾನದ ಗಂಟೆ ಕೊಳ್ಳಲು ಬಂದವರ ಹಾಗೆ ಕಿವಿ ಕೊಡುತ್ತಾರೆ. ಬೆಲೆ ಕೇಳುವುದು ಇಷ್ಟೆಲ್ಲ ಮುಗಿದ ಮೇಲೆ. ಎಷ್ಟೇ ಹೇಳಿದರೂ "ಜಾಸ್ತಿ ಕೊಟ್ಟೆ" ಎನ್ನುವುದು ಪದ್ಧತಿ.

ನನ್ನದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಅಡ್ಡರಸ್ತೆಯಲ್ಲಿ ಬೈಕ್ ರಿಪೇರಿಯ ಅಂಗಡಿ. ಆಚೆ ಈಚೆ ಇನ್ನೂ ನಾಲ್ಕು ಅಂಗಡಿಗಳಿವೆ. ಒಬ್ಬರು ಬುಲೆಟ್ ಬಿಟ್ಟರೆ ಬೇರೆ ಗಾಡಿ ಮುಟ್ಟುವುದಿಲ್ಲ. ಇನ್ನೊಬ್ಬರು ಗೇರಿಲ್ಲದ ಸ್ಕೂಟರ್‌ಗಳವರು. ಮೂಲೆಯಲ್ಲಿ ಆಟೋ ಎಲೆಕ್ಟ್ರಿಷಿಯನ್, ಅವರ ಎದುರಿಗೆ ವೆಲ್ಡಿಂಗ್ ಮತ್ತು ಲೇತ್. ದಿನವಿಡೀ ನಾವು ಪರಸ್ಪರ ಮಾತಾಡುವುದೇ ಕಡಿಮೆ. ಒಬ್ಬರ ಗಿರಾಕಿ ಇನ್ನೊಬ್ಬರ ಬಾಗಿಲಲ್ಲಿ ನಿಂತರೆ ಸಣ್ಣ ಮುನಿಸೂ ಇರುತ್ತದೆ. ಆದರೆ ಯಾರಾದರೂ ಹೊಸ ಉಪಕರಣ ತಂದ ಸಂಜೆ ಮಾತ್ರ ಶಟರ್ ಅರ್ಧ ಇಳಿದ ಮೇಲೆ ಎಲ್ಲರೂ ಒಂದು ಅಂಗಡಿಯಲ್ಲಿ ಸೇರುತ್ತಾರೆ. ಯಾವುದೋ ಗಾಡಿಯ ಸೀಟಿನ ಮೇಲೆ ಹತ್ತಿಯ ವೇಸ್ಟ್ ಹಾಸಿ, ಅದರ ಮೇಲೆ ಹೊಸದನ್ನು ಇಡುತ್ತಾರೆ. ಆಯುಧಪೂಜೆಯ ಹಿಂದಿನ ಸಂಜೆಯಂತೂ ಇದು ತಪ್ಪುವುದಿಲ್ಲ. ವರ್ಷದಲ್ಲಿ ಆಗ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಪೂಜೆಗೆ ಇಡುವ ಸಾಲಿನಲ್ಲಿ ಒಂದಾದರೂ ಹೊಳೆಯುವ ವಸ್ತು ಇರಲಿ ಎಂಬ ಆಸೆಯೂ ಇರುತ್ತದೆ.

ಈ ಸಂಜೆಗಳಲ್ಲಿ ಉಕ್ಕಿನ ಬಗ್ಗೆ ಮಾತು ಬರುತ್ತದೆ, ಹಲ್ಲಿನ ಲೆಕ್ಕ ಬರುತ್ತದೆ, ಉಪಕರಣ ತಯಾರಾಗುವ ಜಲಂಧರ್, ಲೂಧಿಯಾನಾ, ನಾಸಿಕ್, ಜರ್ಮನಿ, ತೈವಾನ್ ಎಲ್ಲ ಬರುತ್ತವೆ. ಬಾರದೇ ಇರುವುದು ಒಂದೇ: ಇದನ್ನು ಈಗ ಯಾಕೆ ಕೊಂಡೆ ಎಂಬುದು. ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಇದು ನನ್ನ ಗಮನಕ್ಕೆ ಬರಲು ಹತ್ತು ವರ್ಷ ಹಿಡಿಯಿತು. ಗಮನಕ್ಕೆ ತಂದವರು ನನ್ನ ಉಸ್ತಾದರು, ಅದೂ ಎರಡೇ ಶಬ್ದಗಳಲ್ಲಿ. ಆ ಕಥೆಗೆ ಬರುತ್ತೇನೆ.

ಮೊದಲು ಉಸ್ತಾದರ ಬಗ್ಗೆ. ಅವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆ ಮೈಸೂರಿಗೆ ಜಾವಾ, ಯೆಜ್ಡಿ ಗಾಡಿಗಳನ್ನು ಕೊಟ್ಟದ್ದು ಎಲ್ಲರಿಗೂ ಗೊತ್ತು. ಅದು ಮುಚ್ಚಿದಾಗ ಊರಿನ ಗಲ್ಲಿಗಳಿಗೆ ಅಷ್ಟೊಂದು ಪಳಗಿದ ಕೈಗಳನ್ನೂ ಕೊಟ್ಟಿತು ಎಂಬುದನ್ನು ನಮ್ಮಂಥವರು ಮಾತ್ರ ನೆನೆಯುತ್ತೇವೆ. ಕಾರ್ಖಾನೆಯ ಉಪಕರಣಗಳ ಕೋಣೆಯ ಕಿಟಕಿಯಲ್ಲಿ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಕೊಟ್ಟು ಉಪಕರಣ ಪಡೆಯಬೇಕಿತ್ತಂತೆ. ಸಂಜೆ ಉಪಕರಣ ಒಪ್ಪಿಸಿದರೆ ಬಿಲ್ಲೆ ವಾಪಸ್ಸು. ಒಡೆದು ತಂದರೆ ಯಾವ ಕೆಲಸದಲ್ಲಿ ಒಡೆಯಿತು ಎಂದು ಪುಸ್ತಕದಲ್ಲಿ ಬರೆಸಬೇಕು. "ಅಲ್ಲಿ ಪುಸ್ತಕ ಇತ್ತು, ಇಲ್ಲಿ ಪುಸ್ತಕ ಇಲ್ಲ, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದರು. ಆ ಮಾತು ನನಗೆ ಆಗ ತಲೆಗೆ ಹೋಗಿರಲಿಲ್ಲ.

ಅವರ ಬಳಿ ನಾನು ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಒಂದೇ ಒಂದು ನಟ್ ಬಿಚ್ಚಲಿಲ್ಲ. ಅವರು ಕೈ ಚಾಚಿ ನಂಬರ್ ಹೇಳಿದರೆ ಸ್ಪ್ಯಾನರ್ ಕೊಡುವುದಷ್ಟೇ ಕೆಲಸ. ಎಂಟರ ಸೆಟ್ಟು, ಒಂದೊಂದರ ಎರಡು ತುದಿಯ ಬಾಯಿಯ ಅಗಲ ಮಿಲಿಮೀಟರಿನಲ್ಲಿ: 6-7, 8-9, 10-11, 12-13, 14-15, 16-17, 18-19, ಕೊನೆಯದು 20-22. ಇಪ್ಪತ್ತೊಂದು ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ, ಪ್ಲಗ್ ಬಿಚ್ಚುವ ಪೈಪ್ ಸ್ಪ್ಯಾನರನ್ನು ಎತ್ತಿ ತೋರಿಸಿದರು. ಒಂದು ಗ್ಯಾರೇಜಿನಲ್ಲಿ ಯಾವ ಗಾಡಿಗಳು ಬರುತ್ತವೆ ಎಂಬುದನ್ನು ಸ್ಪ್ಯಾನರ್ ನೋಡಿಯೇ ಹೇಳಬಹುದು ಎಂದೂ ಅವರೇ ಕಲಿಸಿದರು. ಜಾವಾದಲ್ಲಿ ಹತ್ತು ಮಿಲಿಮೀಟರ್ ಬೋಲ್ಟಿನ ತಲೆ 17. ಜಪಾನೀ ಮೂಲದ ಗಾಡಿಗಳಲ್ಲಿ ಅದೇ ದಪ್ಪದ ಬೋಲ್ಟಿನ ತಲೆ 14. ಎಂಟರ ಬೋಲ್ಟಿಗೆ 12. ಹಾಗಾಗಿ 1980ರ ದಶಕದಲ್ಲಿ ಹೋಂಡಾ, ಸುಜುಕಿ, ಯಮಾಹಾ, ಕವಾಸಾಕಿಗಳ ಸಹಯೋಗದ ಗಾಡಿಗಳು ಬಂದ ಮೇಲೆ ನಮ್ಮ ಸೆಟ್‌ಗಳಲ್ಲಿ 12 ಮತ್ತು 14ರ ಬಾಯಿಗಳು ಸವೆಯತೊಡಗಿದವು. 15, 16 ಇಂದಿಗೂ ಹೊಸ ಮದುಮಗನ ಹಾಗೆ ಹೊಳೆಯುತ್ತಿವೆ.

ಈಗ ಬುಲೆಟ್‌ನವರ ಕಥೆ. ಒಂದು ದಸರಾಕ್ಕೆ ಅವರು ಹಳೆಯ ಇಂಗ್ಲೆಂಡಿನ ಸ್ಪ್ಯಾನರ್‌ಗಳ ಅರ್ಧ ಸೆಟ್ ತಂದಿಟ್ಟರು. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಂಡೆ ಬಜಾರಿನಲ್ಲಿ, ನೆಲದ ಮೇಲೆ ಟಾರ್ಪಾಲಿನ್ ಹಾಸಿ ಮಾರುವವರ ಬಳಿ ಆರಿಸಿ ತಂದದ್ದು. ಹುಡುಗರು ನೋಡಿ ನಕ್ಕರು. ಒಂದರ ಮೇಲೆ "1/4 ಡಬ್ಲ್ಯೂ" ಎಂದು ಕೆತ್ತಿದೆ, ಆದರೆ ಬಾಯಿ ಕಾಲಿಂಚಿಗಿಂತ ಎರಡು ಪಟ್ಟು ಅಗಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂಗಳ ಥ್ರೆಡ್‌ಗೆ (ಮೈಮೇಲಿನ ಸುರುಳಿ ಗೆರೆಗೆ) ಒಂದು ಅಳತೆ ನಿಗದಿ ಮಾಡಿದ. ಆ ಪದ್ಧತಿಯಲ್ಲಿ ಸ್ಪ್ಯಾನರ್ ಮೇಲಿನ ಸಂಖ್ಯೆ ಬೋಲ್ಟಿನ ದಪ್ಪವನ್ನು ಹೇಳುತ್ತದೆ, ತಲೆಯ ಅಗಲವನ್ನಲ್ಲ. ಕಾಲಿಂಚಿನ ಬೋಲ್ಟಿನ ತಲೆಯ ಅಗಲ ಸುಮಾರು 13.3 ಮಿಲಿಮೀಟರ್. ನಮ್ಮ 13ರ ಬಾಯಿ ಅದರ ಮೇಲೆ ಇಳಿಯುವುದಿಲ್ಲ. 14 ಇಳಿಯುತ್ತದೆ, ಲಡಲಡ ಅಲ್ಲಾಡುತ್ತದೆ. ಅಲ್ಲಾಡುವ ಸ್ಪ್ಯಾನರ್‌ಗೆ ಬಲ ಹಾಕಿದರೆ ಬೋಲ್ಟಿನ ಮೂಲೆಗಳು ಒಂದೇ ತಿರುವಿಗೆ ಜಾರಿ ದುಂಡಗಾಗುತ್ತವೆ.

ಎನ್‌ಫೀಲ್ಡ್ ಕಂಪನಿ 1955ರಲ್ಲಿ ಮದ್ರಾಸಿನಲ್ಲಿ ನೆಲೆಯೂರಿದಾಗ ಗಾಡಿಯ ಜೊತೆಗೆ ಈ ಇಂಚಿನ ಬೋಲ್ಟುಗಳೂ ಬಂದವು. ಹಳೆಯ ಬುಲೆಟ್ ಬಿಚ್ಚುವ ನಮ್ಮ ಕಡೆಯ ಕೈಗಳು ಎಷ್ಟೋ ವರ್ಷ 14ರ ಬಾಯಿಗೆ ಬ್ಲೇಡಿನ ಚೂರು ಸಿಕ್ಕಿಸಿ ಕೆಲಸ ನಡೆಸಿದವು. ಬುಲೆಟ್‌ನವರು ಅಂದು ಇದನ್ನೆಲ್ಲ ವಿವರಿಸಿದರು. ವಿವರಿಸುತ್ತಿರುವಾಗ ಅವರ ಅಂಗಡಿಯ ಹಿಂದೆ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ್ದ ಒಂದು ಹಳೆಯ ಕಪ್ಪು ಬುಲೆಟ್ ನನ್ನ ಕಣ್ಣ ಮುಂದೆ ಬಂತು. ಮೂರು ವಾರದಿಂದ ಅದು ಅಲ್ಲೇ ಇತ್ತು. ಗಾಡಿಯ ಒಡೆಯ ಎರಡು ಸಲ ಬಂದು ಜೋರು ಮಾಡಿ ಹೋಗಿದ್ದ. ಅದರ ಯಾವ ಮೂಲೆಯಲ್ಲಿ ಎಷ್ಟು ಬೋಲ್ಟುಗಳು ದುಂಡಗಾಗಿ ಕೂತಿದ್ದವೋ, ಅದು ಆ ಅರ್ಧ ಸೆಟ್ಟಿಗೆ ಮಾತ್ರ ಗೊತ್ತು. ನಾನು "ಒಳ್ಳೆ ಮಾಲು" ಎಂದೆ. ಅವರೂ "ಜಾಸ್ತಿ ಕೊಟ್ಟೆ" ಎಂದರು.

ಸಾಕೆಟ್‌ಗಳ ಬಗ್ಗೆ ನಮ್ಮಲ್ಲಿ ಎರಡು ಪಂಗಡ. ಸಾಕೆಟ್ ಎಂದರೆ ಬೋಲ್ಟಿನ ತಲೆಯನ್ನು ಟೋಪಿಯ ಹಾಗೆ ಮುಚ್ಚಿ ಹಿಡಿಯುವ ಬಟ್ಟಲು. ಒಳಗೆ ಹನ್ನೆರಡು ಮೂಲೆ ಇರುವ ಸಾಕೆಟ್ ಬೋಲ್ಟಿನ ತಲೆಯ ಮೇಲೆ ಬೇಗ ಕೂರುತ್ತದೆ. ಮೂವತ್ತು ಡಿಗ್ರಿ ತಿರುಗಿಸುವಷ್ಟರಲ್ಲಿ ಮತ್ತೆ ಹಿಡಿತ ಸಿಗುತ್ತದೆ. ಆರು ಮೂಲೆಯದಕ್ಕೆ ಅರವತ್ತು ಡಿಗ್ರಿ ಬೇಕು. ಇಕ್ಕಟ್ಟಿನಲ್ಲಿ ಕೆಲಸ ಮಾಡುವವರು ಹನ್ನೆರಡನ್ನೇ ಮೆಚ್ಚುತ್ತಾರೆ, ಪೆಟ್ಟು ತಿಂದವರು ಆರನ್ನು. ಹನ್ನೆರಡರದು ಬೋಲ್ಟನ್ನು ಮೂಲೆಯ ಹತ್ತಿರವೇ ಹಿಡಿಯುತ್ತದೆ. ಆರರದು ಮೈಯನ್ನು ಹಿಡಿಯುತ್ತದೆ. ತುಕ್ಕು ತಿಂದು ಒಂದು ಸುತ್ತು ಕರಗಿದ ಬೋಲ್ಟಿಗೆ ಮೂಲೆಯೇ ಎಲ್ಲಿರುತ್ತದೆ? ಸ್ಕೂಟರ್‌ನವರು ಹತ್ತು ವರ್ಷ ಹನ್ನೆರಡು ಮೂಲೆಯ ಪಕ್ಷದಲ್ಲಿದ್ದು, ಒಂದು ಸಂಜೆ ಆರು ಮೂಲೆಯ ಸೆಟ್ ತಂದಿಟ್ಟು, ಅದರ ಗುಣಗಾನ ಶುರು ಮಾಡಿದರು. ಸೈಲೆನ್ಸರ್ ಬೋಲ್ಟು ಇರಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಪಂಗಡ ಬದಲಾಯಿಸಿದವರನ್ನು ರಾಜಕೀಯದಲ್ಲಾದರೆ ಕಾರಣ ಕೇಳುತ್ತಾರೆ.

ಈ ಸಾಕೆಟ್‌ಗಳಲ್ಲಿ ಒಂದು ತಮಾಷೆ ಇದೆ. ಬೋಲ್ಟಿನ ಕಡೆಯ ಬಾಯಿ ಮಿಲಿಮೀಟರ್ ಲೆಕ್ಕ. ಹಿಡಿಕೆ ಸಿಕ್ಕಿಸುವ ಚೌಕದ ತೂತು ಇಡೀ ಜಗತ್ತಿನಲ್ಲಿ ಇಂದಿಗೂ ಇಂಚು. ಕಾಲು, ಮೂರೆಂಟಾಂಶ, ಅರ್ಧ. ಹುಡುಗರು ಇದನ್ನು ಒಮ್ಮೆಯೂ ಪ್ರಶ್ನಿಸದೆ ಒಂದೇ ಉಸಿರಲ್ಲಿ "ಅರ್ಧ ಇಂಚಿನ ಹದಿನಾಲ್ಕು" ಎನ್ನುತ್ತಾರೆ.

ಸ್ಕ್ರೂಡ್ರೈವರ್ ವಿಷಯದಲ್ಲಿ ನನಗೆ ಹಟ ಜಾಸ್ತಿ, ಆದ್ದರಿಂದ ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಯಮಾಹಾ ಆರ್‌ಎಕ್ಸ್ 100 ಗಾಡಿಯ ಕವರ್‌ಗಳಲ್ಲಿ ನಕ್ಷತ್ರದ ತಲೆಯ ಸ್ಕ್ರೂಗಳಿದ್ದವು. ಅವನ್ನು ಬಿಚ್ಚಲು ಹೋಗಿ ತಲೆ ಕೆಡಿಸದ ಮೆಕ್ಯಾನಿಕ್ ನಮ್ಮ ಪೀಳಿಗೆಯಲ್ಲಿ ಇಲ್ಲ. ತಪ್ಪು ಸ್ಕ್ರೂವಿನದು, ಮೆತ್ತನೆಯ ಮಾಲು ಎಂದು ಬೈದುಕೊಂಡೇ ನಾವು ಬೆಳೆದೆವು. ಆಮೇಲೆ ಜಪಾನಿನಲ್ಲಿ ಕೆಲಸದಲ್ಲಿದ್ದ ಒಬ್ಬ ಗಿರಾಕಿ ರಜೆಗೆ ಬಂದಾಗ ವೆಸೆಲ್ ಎಂಬ ಅಲ್ಲಿನ ಕಂಪನಿಯ ಸ್ಕ್ರೂಡ್ರೈವರ್ ಒಂದನ್ನು ತಂದುಕೊಟ್ಟರು. ನೋಡಲು ನಮ್ಮದರ ಹಾಗೆಯೇ. ಆದರೆ ಸ್ಕ್ರೂವಿನೊಳಗೆ ಇಟ್ಟು ಕೈ ಬಿಟ್ಟರೆ ಬೀಳದೆ ಹಾಗೇ ನಿಂತಿತು. ನಾನು ಮೂರು ಸಲ ಇಟ್ಟು ನೋಡಿದೆ.

ಸಂಗತಿ ಇಷ್ಟು. ನಾವು ನಕ್ಷತ್ರ ಎಂದು ಕರೆಯುವ ತುದಿ ಅಮೆರಿಕದ ಹೆನ್ರಿ ಫಿಲಿಪ್ಸ್ 1930ರ ದಶಕದಲ್ಲಿ ಬಳಕೆಗೆ ತಂದದ್ದು. ಜಪಾನಿನವರ ಪ್ರಮಾಣ ಅದನ್ನು ಹೋಲುತ್ತದೆ, ಆದರೆ ತುದಿಯ ಮತ್ತು ಮೂಲೆಗಳ ಆಕಾರ ಕೂದಲೆಳೆಯಷ್ಟು ಬೇರೆ. ಫಿಲಿಪ್ಸ್ ತುದಿ ಜಪಾನೀ ಸ್ಕ್ರೂವಿನ ತಳ ಮುಟ್ಟುವ ಮೊದಲೇ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿದರೆ ಮೇಲಕ್ಕೆ ಜಾರಿ, ಹೋಗುವಾಗ ತಲೆಯನ್ನು ಕೆರೆದುಕೊಂಡೇ ಹೋಗುತ್ತದೆ. ಜಪಾನೀ ಸ್ಕ್ರೂವಿನ ತಲೆಯಲ್ಲಿ ಎಷ್ಟೋ ಸಲ ಒಂದು ಸಣ್ಣ ಚುಕ್ಕೆ ಇರುತ್ತದೆ. ಇಪ್ಪತ್ತು ವರ್ಷ ಆ ಚುಕ್ಕೆಯನ್ನು ನೋಡಿದ್ದೆ, ಅಚ್ಚಿನ ದೋಷ ಎಂದುಕೊಂಡಿದ್ದೆ.

ಆ ಸಂಜೆ ಎಲ್ಲರನ್ನೂ ಕರೆದು ತೋರಿಸಿದೆ. ಲೇತ್‌ನವರು ಲೂಪ್ ಗಾಜು ತಂದು ಎರಡು ತುದಿಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದರು. ಆಟೋ ಎಲೆಕ್ಟ್ರಿಷಿಯನ್ ಬಾಯಿ ಬಿಡದೆ ತಮ್ಮ ಅಂಗಡಿಗೆ ಹೋಗಿ ಹಳೆಯ ಕಾರ್ಬ್ಯುರೇಟರ್ ಒಂದನ್ನು ತಂದರು. ಅದರ ಕೆಳಗಿನ ಬಟ್ಟಲಿನ ನಾಲ್ಕು ಸ್ಕ್ರೂಗಳಲ್ಲಿ ಮೂರರ ತಲೆ ಬೆಂದ ಬೇಳೆಯ ಹಾಗೆ ಆಗಿತ್ತು. ನಾಲ್ಕನೆಯದರ ಮೇಲೆ ಜಪಾನಿನ ತುದಿ ಇಟ್ಟು, ಕೈ ಬಿಟ್ಟು ನೋಡಿ, ಮೆಲ್ಲಗೆ ತಿರುಗಿಸಿದರು. ಟಕ್ ಎಂದು ಬಿಟ್ಟುಕೊಂಡಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ತಮ್ಮ ತಮ್ಮ ಸ್ಕ್ರೂಗಳನ್ನು ನೆನೆಯುತ್ತಿದ್ದರು ಅಂತ ಕಾಣುತ್ತದೆ.

ಮಾರ್ಕಿನ ಮಾತೂ ಒಂದಿಷ್ಟು ಆಗಬೇಕು. "ಕ್ರೋಮ್ ವೆನೇಡಿಯಂ" ಎಂದು, ಅಂದರೆ ಗಟ್ಟಿ ಮಿಶ್ರಲೋಹದ ಉಕ್ಕು ಎಂದು, ಕೆತ್ತಿದ್ದನ್ನೆಲ್ಲ ನಂಬಿದರೆ ನಮ್ಮ ಬೀದಿಯ ಚಹಾದ ಚಮಚವೂ ಕ್ರೋಮ್ ವೆನೇಡಿಯಮ್ಮೇ. ನಾಸಿಕ್‌ನ ತಪಾರಿಯಾದವರು 1969ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಶುರು ಮಾಡಿದ್ದು. ದಕ್ಷಿಣದ ಯಾವ ಗ್ಯಾರೇಜಿಗೆ ಹೋದರೂ ಅವರದೊಂದು ಕಟಿಂಗ್ ಪ್ಲೇಯರ್ ಇದ್ದೇ ಇರುತ್ತದೆ. ಅಷ್ಟು ಹೆಸರಾದ ಮೇಲೆ ನಕಲಿಯೂ ಹುಟ್ಟುತ್ತದೆ. ಅಕ್ಷರದ ಅಂಚು ಮುಟ್ಟಿದರೆ ತಿಳಿಯುತ್ತದೆ: ಅಸಲಿಯಲ್ಲಿ ಅಕ್ಷರ ಕಾದ ಉಕ್ಕಿಗೆ ಅಚ್ಚಿನಲ್ಲಿ ಬಿದ್ದದ್ದು, ನಕಲಿಯಲ್ಲಿ ಮೇಲೆ ಗೀಚಿದ್ದು. ಹಳೆಯ ಮಾಲಿನಲ್ಲಿ "ವೆಸ್ಟ್ ಜರ್ಮನಿ" ಎಂದಿದ್ದರೆ ಅದು 1990ಕ್ಕೆ ಮುಂಚಿನದು, ಆ ಹೆಸರಿನ ದೇಶವೇ ಈಗ ಇಲ್ಲ. ಮುಚ್ಚಿದ ಕಾರ್ಖಾನೆಗಳ ಗುಜರಿಯಲ್ಲಿ ಇಂಥವು ಬರುತ್ತವೆ. ಹಿಡಿಯಲ್ಲಿ ಯಾರದೋ ಇನಿಷಿಯಲ್ ಕೊರೆದಿರುತ್ತದೆ. ನಾನು ಅದನ್ನು ಉಜ್ಜಿ ಅಳಿಸುವುದಿಲ್ಲ, ಪಕ್ಕದಲ್ಲಿ ನನ್ನದನ್ನು ಕೊರೆಯುತ್ತೇನೆ.

ಇನ್ನು ನನ್ನ ಟಾರ್ಕ್ ರೆಂಚಿನ ಕಥೆ.

ಅಂಗಡಿ ತೆರೆದು ನಾಲ್ಕೈದು ವರ್ಷ ಆಗಿತ್ತು. ಕೈ ಪಳಗಿದೆ ಎಂಬ ಧಿಮಾಕು ತಲೆಗೆ ಏರಿದ್ದ ಕಾಲ. ಒಂದು ಶನಿವಾರ ಸಂಜೆ ನೂರು ಸಿಸಿಯ ಗಾಡಿಯೊಂದರ ಕ್ಲಚ್ ಪ್ಲೇಟ್ ಬದಲಾಯಿಸಿ ಕವರ್ ಮುಚ್ಚುತ್ತಿದ್ದೆ. ಗಿರಾಕಿ ಮರುದಿನ ಬೆಳಗ್ಗೆ ಮಗಳನ್ನು ನೋಡಲು ಗುಂಡ್ಲುಪೇಟೆಗೆ ಹೋಗಬೇಕು, ಬಾಗಿಲಲ್ಲೇ ನಿಂತಿದ್ದಾರೆ. ಆ ಕವರಿಗೆ ಆರು ಮಿಲಿಮೀಟರ್ ದಪ್ಪದ ಬೋಲ್ಟುಗಳು, ತಲೆ ಎಂಟರದು. ಅದಕ್ಕೆ ಸಣ್ಣ ಟಿ ಸ್ಪ್ಯಾನರ್ ಹಿಡಿಯಬೇಕು. ನಾನು ಅವಸರಕ್ಕೆ, ಸಾಕೆಟ್ ಸಿಕ್ಕಿಸಿ ತಿರುಗಿಸುವ ಹಲ್ಲಿನ ಹಿಡಿಕೆಯಾದ ಅರ್ಧ ಇಂಚಿನ ದೊಡ್ಡ ರ‍್ಯಾಚೆಟ್ ಹಿಡಿದೆ.

ಬೋಲ್ಟು ಬಿಗಿಯಾಗುವಾಗ ಕೈಗೆ ಒಂದು ಮಾತು ಬರುತ್ತಿರುತ್ತದೆ. ಮೊದಲು ಸಲೀಸು, ಆಮೇಲೆ ತಡೆ, ಆಮೇಲೆ ಗಟ್ಟಿ. ಗಟ್ಟಿಯಾದ ಮೇಲೆ ನಾನು "ಇನ್ನೊಂದಿಷ್ಟು ಇರಲಿ" ಎಂದು ಎಳೆದೆ. ಗಟ್ಟಿಯಾಗಿದ್ದದ್ದು ಇದ್ದಕ್ಕಿದ್ದ ಹಾಗೆ ಮೆತ್ತಗಾಯಿತು. ಬೆಂದ ಗೆಣಸಿನೊಳಗೆ ಚಾಕು ಹೋದ ಹಾಗೆ. ಶಬ್ದ ಇಲ್ಲ, ಏನೂ ಇಲ್ಲ. ಈ ಕೆಲಸದಲ್ಲಿ ಇರುವವರಿಗೆ ಆ ಮೆತ್ತಗಿನ ಅರ್ಥ ಹೊಟ್ಟೆಯಲ್ಲಿ ಗೊತ್ತಾಗುತ್ತದೆ. ಬೋಲ್ಟು ಉಕ್ಕು, ಅದಕ್ಕೇನೂ ಆಗಿರುವುದಿಲ್ಲ. ಇಂಜಿನ್ನಿನ ಅಲ್ಯೂಮಿನಿಯಂ ಥ್ರೆಡ್ ಪೂರ್ತಿ ಕಿತ್ತು ಬೋಲ್ಟಿಗೆ ಸುತ್ತಿಕೊಂಡು ಬರುತ್ತದೆ, ಪೆನ್ಸಿಲ್ ಕೆತ್ತಿದ ಸಿಪ್ಪೆಯ ಹಾಗೆ ಹೊಳೆಯುವ ಸುರುಳಿ.

ಆಮೇಲೆ ಲೆಕ್ಕ ಹಾಕಿದೆ. ಅಂಥ ಬೋಲ್ಟಿಗೆ ಬೇಕಾದ ಬಿಗಿ ಸುಮಾರು ಹತ್ತು ನ್ಯೂಟನ್ ಮೀಟರ್. ಹದಿನೈದು ಸೆಂಟಿಮೀಟರ್ ಉದ್ದದ ಸ್ಪ್ಯಾನರ್ ತುದಿಯಲ್ಲಿ ಏಳು ಕಿಲೋಗಿಂತ ಕಡಿಮೆ ಭಾರ ತೂಗು ಹಾಕಿದ ಹಾಗೆ. ಇಪ್ಪತ್ತೈದು ಸೆಂಟಿಮೀಟರಿನ ರ‍್ಯಾಚೆಟ್ ಹಿಡಿದರೆ ನಾಲ್ಕೇ ಕಿಲೋ ಸಾಕು. ನನ್ನ ತೋಳು ಎಳೆದದ್ದು ಅದರ ಮೂರೋ ನಾಲ್ಕೋ ಪಟ್ಟು ಇರಬೇಕು. ಸಣ್ಣ ಸ್ಪ್ಯಾನರನ್ನು ಗಿಡ್ಡವಾಗಿ, ದೊಡ್ಡದನ್ನು ಉದ್ದವಾಗಿ ಮಾಡುವುದು ಉಕ್ಕು ಉಳಿಸಲು ಅಂತ ಅದುವರೆಗೆ ತಿಳಿದಿದ್ದೆ. ಆ ಗಿಡ್ಡತನವೇ ಕೈಗೆ ಹಾಕಿದ ಕಡಿವಾಣ.

ಗಿರಾಕಿಗೆ ಅಂದು ರಾತ್ರಿ ಸುಳ್ಳು ಹೇಳಿದೆ. ಗಾಸ್ಕೆಟ್ ಒಣಗಬೇಕು, ನಾಳೆ ಬೇಡ ಎಂದೆ. ಅವರು ಬಸ್ಸಿಗೆ ಹೋದರು. ಸೋಮವಾರ ಆ ತೂತನ್ನು ದೊಡ್ಡದು ಮಾಡಿಸಿ, ಉಕ್ಕಿನ ಸುರುಳಿಯ ಹೊಸ ಥ್ರೆಡ್ ಕೂರಿಸಿ ಗಾಡಿ ಕೊಟ್ಟೆ. ಖರ್ಚು ನನ್ನದು. ಯಾರಿಗೂ ಹೇಳಲಿಲ್ಲ. ಆ ತಿಂಗಳ ಕೊನೆಗೆ ಸಾಲ ಮಾಡಿ ಒಂದು ಟಾರ್ಕ್ ರೆಂಚ್ ಕೊಂಡೆ. ಬೇಕಾದ ಬಿಗಿಗೆ ಹೊಂದಿಸಿಟ್ಟರೆ, ಅಷ್ಟಾದ ಕೂಡಲೇ ಕೈಯೊಳಗೆ ಕಟ್ ಎಂದು ಮುರಿದ ಹಾಗೆ ಆಗಿ ತಿಳಿಸುತ್ತದೆ. ಪೆಟ್ಟಿಗೆ ತಂದು ಸೀಟಿನ ಮೇಲೆ ಇಟ್ಟೆ.

ಗದ್ದಲವೋ ಗದ್ದಲ. ಬುಲೆಟ್‌ನವರು, "ಇದು ಕೈ ಇಲ್ಲದವರಿಗೆ" ಎಂದರು. ಸ್ಕೂಟರ್‌ನವರು ಅದರಲ್ಲೇ ಬೋಲ್ಟು ಬಿಚ್ಚಲು ಹೋದರು. ಬಿಚ್ಚಲು ಬಳಸಿದರೆ ಅದರ ಲೆಕ್ಕವೇ ತಪ್ಪುತ್ತದೆ ಎಂದು ನಾನು ಕಿತ್ತುಕೊಂಡೆ. ಕೆಲಸ ಮುಗಿದ ಮೇಲೆ ಕೆಳಗಿನ ಅಂಕಿಗೆ ಇಳಿಸಿ ಇಡದಿದ್ದರೆ ಒಳಗಿನ ಸ್ಪ್ರಿಂಗ್ ಸೋಲುತ್ತದೆ ಎಂದು ಲೇತ್‌ನವರು ಎಚ್ಚರಿಸಿದರು. ಇಷ್ಟು ದುಡ್ಡು ಯಾಕೆ ಹಾಕಿದಿರಿ ಎಂದು ಕೇಳುವ ಮೊದಲೇ ನಾನೇ, "ಮುಂದೆ ಕಾರಿನ ಕೆಲಸವೂ ಬರುತ್ತದಲ್ಲ" ಎಂದೆ. ಎಲ್ಲರೂ ಹೌದು ಹೌದು ಎಂದರು.

ಉಸ್ತಾದರು ಅಷ್ಟೊತ್ತಿಗೆ ಕೆಲಸ ಬಿಟ್ಟಿದ್ದರು. ಸಂಜೆ ನಡೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು, ಅಷ್ಟೇ. ರೆಂಚನ್ನು ಕೈಗೆ ತೆಗೆದುಕೊಂಡು, ಮೂಸಿ, ತಿರುಗಿಸಿ, ನಾನು ಹೊಂದಿಸಿಟ್ಟಿದ್ದ ಅಂಕಿಯನ್ನು ಕನ್ನಡಕದ ಕೆಳಗಿನಿಂದ ಓದಿದರು. ಅದು ಹತ್ತಕ್ಕೆ ನಿಂತಿತ್ತು. ಕಾರಿನ ಚಕ್ರದ ನಟ್‌ಗೆ ನೂರರ ಹತ್ತಿರ ಬೇಕು. ಅವರು ರೆಂಚನ್ನು ನನ್ನ ಕೈಗೆ ಕೊಟ್ಟು ಮೆಲ್ಲಗೆ ಕೇಳಿದರು:

"ಯಾವ ಬೋಲ್ಟು?"

ನಾನು ಹೇಳಿದೆ. ಅವರು ತಲೆ ಆಡಿಸಿದರು, ಚಹಾ ತರಿಸು ಎಂದರು. ಬೇರೆ ಮಾತೇ ಬರಲಿಲ್ಲ. ಆ ರಾತ್ರಿ ಮನೆಗೆ ಹೋಗುವಾಗ ಕಾರ್ಖಾನೆಯ ಆ ಪುಸ್ತಕದ ಮಾತು ನೆನಪಾಯಿತು. ನಮ್ಮ ಬೀದಿಯಲ್ಲಿ ಪುಸ್ತಕ ಇಲ್ಲ ಎಂದವರು ಯಾರು? ಗೋಡೆಗೆ ಮೊಳೆ ಹೊಡೆದು ಸಾಲಾಗಿ ತೂಗು ಹಾಕಿದ ಒಂದೊಂದು ಉಪಕರಣವೂ ಒಂದು ನಮೂದು. ಸರ್‌ಕ್ಲಿಪ್ ಇಕ್ಕಳ ಇದೆ ಎಂದರೆ ಅದಕ್ಕೆ ಮುಂಚೆ ಯಾವುದೋ ಕ್ಲಿಪ್ ಹಾರಿ ಚರಂಡಿಗೆ ಬಿದ್ದಿದೆ. ಮ್ಯಾಗ್ನೆಟ್ ಎಳೆಯುವ ಪುಲ್ಲರ್ ಇದೆ ಎಂದರೆ ಅದಕ್ಕೆ ಮುಂಚೆ ಯಾರೋ ಸುತ್ತಿಗೆ ಬಳಸಿದ್ದಾರೆ.

ಇದಕ್ಕೆ ಅಪವಾದವನ್ನೂ ಹೇಳದಿದ್ದರೆ ಅನ್ಯಾಯ. ಆಟೋ ಎಲೆಕ್ಟ್ರಿಷಿಯನ್ ಹೋದ ವರ್ಷ ಕಿತ್ತಳೆ ಬಣ್ಣದ ಹಿಡಿಯ, ಸಾವಿರ ವೋಲ್ಟಿನವರೆಗೆ ತಡೆಯುವ ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್‌ಗಳ ಪೆಟ್ಟಿಗೆ ತಂದರು. ಅವರ ಅಂಗಡಿಗೆ ಅಲ್ಲಿಯವರೆಗೆ ಒಂದೇ ಒಂದು ಎಲೆಕ್ಟ್ರಿಕ್ ಸ್ಕೂಟರ್ ಬಂದಿರಲಿಲ್ಲ. ನಮ್ಮಲ್ಲಿ ಓಡುವ ಅಂಥ ಸ್ಕೂಟರ್‌ಗಳ ಬ್ಯಾಟರಿ ಬಹುತೇಕ ನೂರು ವೋಲ್ಟಿಗಿಂತ ಕೆಳಗೇ ಇದೆ, ಸಾವಿರದ್ದು ಯಾಕೆ ಎಂದು ಹುಡುಗರು ಚುಡಾಯಿಸಿದರು. ಅವರು ಬೇಸರಿಸಲಿಲ್ಲ. ವೋಲ್ಟು ಕಡಿಮೆ ಇದ್ದರೂ ಸ್ಪ್ಯಾನರ್ ಅಡ್ಡ ಬಿದ್ದು ಎರಡು ತುದಿ ಕೂಡಿದರೆ ಹರಿಯುವ ಕರೆಂಟು ಆ ಸ್ಪ್ಯಾನರನ್ನೇ ಕರಗಿಸುತ್ತದೆ ಎಂದರು. ಆಮೇಲೆ ತಮ್ಮ ಎಡಗೈ ಉಂಗುರ ಬೆರಳು ತೋರಿಸಿದರು. ಅದರ ಸುತ್ತ ಬಿಳಿ ಕಲೆ ಇದೆ. ಹನ್ನೆರಡು ವೋಲ್ಟಿನ ಕಾರ್ ಬ್ಯಾಟರಿಯ ಮೇಲೆ ಉಂಗುರ ತಾಗಿದ್ದು, ಇಪ್ಪತ್ತು ವರ್ಷದ ಹಿಂದೆ. ಹಾಗಾದರೆ ಅಪವಾದ ಎಂದದ್ದೂ ತಪ್ಪೇ.

ಈಗಿನ ಹುಡುಗರು ಮೊಬೈಲಿನಲ್ಲಿ ಅಮೆರಿಕದ ಮೆಕ್ಯಾನಿಕ್‌ಗಳ ಕೆಂಪು ಪೆಟ್ಟಿಗೆಗಳನ್ನು ನೋಡುತ್ತಾರೆ. ಡ್ರಾಯರ್ ಎಳೆದರೆ ಒಂದೇ ಅಳತೆಯ ಏಳು ಬಗೆಯ ರ‍್ಯಾಚೆಟ್‌ಗಳು. ಅಲ್ಲಿ ಉಪಕರಣ ತುಂಬಿದ ವ್ಯಾನ್ ವಾರಕ್ಕೊಮ್ಮೆ ಗ್ಯಾರೇಜಿನ ಬಾಗಿಲಿಗೇ ಬರುತ್ತದೆ, ಕಂತಿನಲ್ಲಿ ಕೊಡುತ್ತದೆ. ಎಪ್ಪತ್ತೆರಡು ಹಲ್ಲಿನ ರ‍್ಯಾಚೆಟ್ ಐದು ಡಿಗ್ರಿಗೊಮ್ಮೆ ಹಿಡಿಯುತ್ತದೆ, ತೊಂಬತ್ತು ಹಲ್ಲಿನದು ನಾಲ್ಕು ಡಿಗ್ರಿಗೆ ಎಂದು ನನ್ನ ಅಂಗಡಿಯ ಹುಡುಗ ಒಂದು ದಿನ ಪಾಠ ಒಪ್ಪಿಸಿದ. ಲೆಕ್ಕ ಸರಿಯಾಗಿತ್ತು. ನನಗೆ ಒಳಗೊಳಗೇ ಸ್ವಲ್ಪ ಅಸೂಯೆಯೂ ಆಯಿತು, ಅವನ ವಯಸ್ಸಿನಲ್ಲಿ ನಾನು ನಂಬರ್ ಹೇಳಿದರೆ ಸ್ಪ್ಯಾನರ್ ಕೊಡುತ್ತಿದ್ದೆ, ಅಷ್ಟೇ.

ಈ ಸಲದ ಆಯುಧಪೂಜೆಯ ಹಿಂದಿನ ಸಂಜೆ. ಉಪಕರಣಗಳನ್ನೆಲ್ಲ ಡೀಸೆಲ್‌ನಲ್ಲಿ ತೊಳೆದು ಒರೆಸಿ ಹಾಸಿದ್ದಾಗಿತ್ತು. ಬೂದುಗುಂಬಳ ಮೂಲೆಯಲ್ಲಿ ಕೂತಿತ್ತು. ಒಬ್ಬೊಬ್ಬರಾಗಿ ಬಂದರು. ಲೇತ್‌ನವರು ಹೊಸ ಫೀಲರ್ ಗೇಜ್ ತಂದಿದ್ದರು, ಸ್ಕೂಟರ್‌ನವರು ಬ್ಯಾಟರಿಯಲ್ಲಿ ತಿರುಗುವ ಇಂಪ್ಯಾಕ್ಟ್ ಗನ್ ತಂದು ಅದು ಕೈ ಉಪಕರಣವೋ ಅಲ್ಲವೋ ಎಂಬ ಜಗಳ ಎಬ್ಬಿಸಿದರು. ಜಗಳ ಮುಗಿಯುವ ಹೊತ್ತಿಗೆ ನಮ್ಮ ಹುಡುಗ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಸೀಟಿನ ಮೇಲೆ ಬಿಚ್ಚಿದ. ಆರು ಮಿಲಿಮೀಟರಿನ ಟ್ಯಾಪ್, ಮೂರರ ಸೆಟ್ಟು: ಮೊದಲನೆಯದು ಚೂಪು, ಎರಡನೆಯದು ನಡುವಿನದು, ಮೂರನೆಯದು ತಳ ಮುಟ್ಟುವುದು. ಥ್ರೆಡ್ ಕೊರೆಯುವ ಉಪಕರಣ. ಅವನ ಸಂಬಳದಲ್ಲಿ ಕೊಂಡದ್ದು.

ಬುಲೆಟ್‌ನವರು ಎತ್ತಿಕೊಂಡು ಮೂಸಿದರು. ಅಂಚು ಚೂಪಾಗಿದೆ ಎಂದರು. ಆಟೋ ಎಲೆಕ್ಟ್ರಿಷಿಯನ್ ಅಲ್ಯೂಮಿನಿಯಂಗೆ ಹಾಕುವಾಗ ಸೀಮೆಎಣ್ಣೆ ಬಿಡು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಎಂದು ಕೈಯಲ್ಲಿ ಮಾಡಿ ತೋರಿಸಿದರು. ಬೆಲೆ ಕೇಳಿದರು. ಹುಡುಗ ಹೇಳಿದ. "ಜಾಸ್ತಿ ಕೊಟ್ಟೆ" ಎಂದರು. ನಾನು ಸುಮ್ಮನಿದ್ದೆ. ಉಸ್ತಾದರು ಕೂರುತ್ತಿದ್ದ ಸ್ಟೂಲು ಖಾಲಿ ಇತ್ತು. ಅವರು ಹೋಗಿ ಎರಡು ವರ್ಷವಾಯಿತು.

ಎಲ್ಲರೂ ಹೋದ ಮೇಲೆ ಕೆಳಗಿನ ಡ್ರಾಯರ್ ಎಳೆದು ಟ್ಯಾಪ್ ಹಿಡಿಯುವ ಹ್ಯಾಂಡಲ್ ತೆಗೆದು ಅವನ ಮುಂದೆ ಇಟ್ಟೆ. ಹ್ಯಾಂಡಲ್ ಇಲ್ಲದೆ ಟ್ಯಾಪ್ ತಂದಿದ್ದ. ಅವನು ಅದನ್ನೇ ನೋಡುತ್ತಾ ನಿಂತ. ನಾನು ಬಾಯಿ ತೆರೆಯುವ ಮೊದಲೇ ಹೇಳಿದ:

"ನಂಜನಗೂಡಿನವರ ಕೆಂಪು ಗಾಡಿ, ಎಡಗಡೆ ಕವರ್, ಕೆಳಗಿನಿಂದ ಎರಡನೆಯದು. ಅಂಟು ಹಚ್ಚಿ ಬೋಲ್ಟು ಕೂರಿಸಿ ಕಳಿಸಿದ್ದೇನೆ."

ನಾಳೆ ಪೂಜೆ, ಯಾವುದನ್ನೂ ಮುಟ್ಟುವ ಹಾಗಿಲ್ಲ. ನಾಡಿದ್ದು ಬೆಳಗ್ಗೆ ಎಂಟಕ್ಕೆ ಗಾಡಿ ತರಲು ಅವರಿಗೆ ಈಗಲೇ ಫೋನ್ ಮಾಡು ಎಂದೆ. ಅವನು ಫೋನ್ ಹಿಡಿದು ಹೊರಗೆ ಹೋದ. ನಾನು ಟ್ಯಾಪ್‌ಗಳನ್ನು ಪೂಜೆಯ ಸಾಲಿನಲ್ಲಿ ಟಾರ್ಕ್ ರೆಂಚಿನ ಪಕ್ಕ ಇಟ್ಟು, ಚಹಾದವನಿಗೆ ಎರಡು ಎಂದು ಕೂಗಿದೆ.